ವೈನ್ ತಿಳಿಯಾದರೆ ಸಾಕೇ?

ಫಳಫಳ ಹೊಳೆದರೆ ಒಳ್ಳೆಯ ವೈನ್ ಎಂಬುದು ಹಳೆಯ ನಂಬಿಕೆ. ಗಸಿ ತೇಲುತ್ತಿದ್ದರೇ ಅಸಲಿ ಎಂಬುದು ಹೊಸ ವಾದ. ಎರಡೂ ತೀರ್ಪಿನ ಅಧಿಕಾರವನ್ನು ಕಣ್ಣಿನ ಕೈಗೇ ಕೊಡುತ್ತವೆ. ಗ್ಲಾಸಿನೊಳಗಿನ ಬಣ್ಣ, ತಿಳಿ, ಹರಳು, ಗಸಿ ನಿಜವಾಗಿ ಹೇಳುವುದೇನು?

ಫ್ರಾನ್ಸಿನ ಬೋರ್ಡೊ ವಿಶ್ವವಿದ್ಯಾಲಯದ ವೈನ್ ವಿಜ್ಞಾನ ವಿಭಾಗ. 54 ವಿದ್ಯಾರ್ಥಿಗಳು ಕೂತಿದ್ದಾರೆ. ಒಬ್ಬೊಬ್ಬರ ಮುಂದೆಯೂ ಎರಡು ಗ್ಲಾಸು, ಒಂದರಲ್ಲಿ ಬಿಳಿ ವೈನ್, ಇನ್ನೊಂದರಲ್ಲಿ ಕೆಂಪು. ಮೂಸಿ ನೋಡಿ, ಯಾವುದರಲ್ಲಿ ಯಾವ ಪರಿಮಳ ಎದ್ದು ಬರುತ್ತಿದೆಯೆಂದು ಗುರುತಿಸಬೇಕು. ಬಿಳಿಯದಕ್ಕೆ ಜೇನು, ನಿಂಬೆಯಂಥ ತಿಳಿಬಣ್ಣದ ಪದಾರ್ಥಗಳ ಹೆಸರುಗಳು ಬೀಳುತ್ತವೆ. ಕೆಂಪಿಗೆ ಚೆರಿ, ರಾಸ್‌ಬೆರಿಯಂಥ ಗಾಢಬಣ್ಣದವು. ವಿದ್ಯಾರ್ಥಿಗಳಿಗೆ ಗೊತ್ತಿಲ್ಲದ ಸಂಗತಿಯೆಂದರೆ ಎರಡೂ ಗ್ಲಾಸುಗಳಲ್ಲಿ ಇರುವುದು ಒಂದೇ ಬಿಳಿ ವೈನ್. ಒಂದಕ್ಕೆ ಮಾತ್ರ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಲಾಗಿದೆ. ಹಿಂದಿನ ಸುತ್ತಿನಲ್ಲಿ ನಿಜವಾದ ಕೆಂಪು ವೈನ್ ಕೊಟ್ಟಾಗ ಯಾವ ಪದಗಳು ಬಂದಿದ್ದವೋ ಅದೇ ಬಗೆಯ ಪದಗಳು ಈಗ ಬಣ್ಣ ಹಚ್ಚಿದ ಬಿಳಿ ವೈನಿಗೂ ಸಂದವು. ಗಿಲ್ ಮೊರೊ, ಫ್ರೆಡರಿಕ್ ಬ್ರೋಷೆ, ಡೆನಿ ದ್ಯುಬೂರ್ದಿಯು ಈ ಪ್ರಯೋಗದ ವಿವರವನ್ನು 2001ರಲ್ಲಿ ಪ್ರಕಟಿಸಿದರು. ವೈನ್ ಪರಿಣತರ ಬಂಡವಾಳವೇ ಬಯಲಾಯಿತು ಎಂದು ಇದನ್ನು ಈಗಲೂ ಉಲ್ಲೇಖಿಸುವವರಿದ್ದಾರೆ. ಆದರೆ ಪ್ರಯೋಗ ಸಾಬೀತುಮಾಡಿದ್ದು ಅದನ್ನಲ್ಲ. ಮೂಗಿಗೆ ಬಂದ ಪರಿಮಳಕ್ಕೆ ಹೆಸರು ಹುಡುಕುವ ಹೊತ್ತಿಗೆ ಕಣ್ಣು ಆಗಲೇ ಹೆಸರನ್ನು ಆರಿಸಿಟ್ಟಿರುತ್ತದೆ ಎಂಬುದನ್ನು ಅದು ತೋರಿಸಿತು. ತರಬೇತಿ ಪಡೆದವರನ್ನೂ ಹೀಗೆ ದಾರಿ ತಪ್ಪಿಸುವ ಶಕ್ತಿ ಕಣ್ಣಿಗಿದೆ ಎಂದಾದರೆ, ಅದರ ಮಾತನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದು ತೀರ್ಮಾನವಾಗಲೇಬೇಕು.

ವರ್ಷಾಂತ್ಯ ಬಂದರೆ ಈ ಪ್ರಶ್ನೆಗೆ ಬಿರುಸು ಬರುತ್ತದೆ. ಕ್ರಿಸ್‌ಮಸ್, ಹೊಸ ವರ್ಷದ ಮೇಜುಗಳ ಮೇಲೆ ಒಂದು ಕಡೆ ಸ್ಫಟಿಕದಂತೆ ಹೊಳೆಯುವ ಬಾಟಲಿ, ಇನ್ನೊಂದು ಕಡೆ ಕಡಿಮೆ ಹಸ್ತಕ್ಷೇಪದಿಂದ ಮಾಡಿದ 'ನ್ಯಾಚುರಲ್ ವೈನ್' ಹೆಸರಿನ ಮಬ್ಬು ಬಾಟಲಿ. ಒಂದನ್ನು ಕಂಡವರು ಎಷ್ಟು ಶುದ್ಧ ಎನ್ನುತ್ತಾರೆ, ಇನ್ನೊಂದನ್ನು ಕಂಡವರು ಎಷ್ಟು ಪ್ರಾಮಾಣಿಕ ಎನ್ನುತ್ತಾರೆ. ಎರಡೂ ಮಾತು ಗುಟುಕು ಗಂಟಲಿಗಿಳಿಯುವ ಮೊದಲೇ ಹುಟ್ಟಿದವು. ನನ್ನ ವಾದ ಇಷ್ಟೇ: ವೈನಿನ ನೋಟ ಅದರ ಚರಿತ್ರೆಗೆ ಒಳ್ಳೆಯ ಸಾಕ್ಷಿ, ಅದರ ರುಚಿಗೆ ಕೆಟ್ಟ ನ್ಯಾಯಾಧೀಶ. ಎಷ್ಟು ವಯಸ್ಸಾಯಿತು, ಹೇಗೆ ಮಾಡಿದರು, ಹೇಗೆ ಸಾಗಿಸಿದರು ಎಂಬುದನ್ನು ಕಣ್ಣು ಓದಬಲ್ಲದು. ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಓದಲಾರದು.

ತಿಳಿ ವೈನಿನ ಮೇಲಿನ ಮೋಹ ವೈನಿನಷ್ಟು ಹಳೆಯದಲ್ಲ. ಪ್ರಾಚೀನ ಗ್ರೀಕರ ಔತಣಗಳಲ್ಲಿ ಕೊಟ್ಟಬೋಸ್ ಎಂಬ ಆಟವಿತ್ತು. ಬಟ್ಟಲಿನ ತಳದಲ್ಲಿ ಉಳಿದ ಗಸಿಯನ್ನು ಬೀಸಿ ಗುರಿಗೆ ಹೊಡೆಯುವುದೇ ಆಟ. ಪ್ರತಿ ಬಟ್ಟಲಿನಲ್ಲೂ ಗಸಿ ಇರುತ್ತದೆ ಎಂಬ ಭರವಸೆಯಿಲ್ಲದೆ ಇಂಥ ಆಟ ಹುಟ್ಟುವುದಿಲ್ಲ. ರೋಮನ್ನರು ಜರಡಿಯಲ್ಲಿ, ಬಟ್ಟೆಯಲ್ಲಿ ಸೋಸಿದರು. ಆದರೆ ಮಣ್ಣಿನ, ಲೋಹದ ಬಟ್ಟಲಲ್ಲಿ ಕುಡಿಯುವವನಿಗೆ ಒಳಗಿನದು ಕಾಣುವುದಾದರೂ ಎಷ್ಟು? 15ನೇ ಶತಮಾನದ ನಡುವಿನಲ್ಲಿ ವೆನಿಸ್ ಬಳಿಯ ಮುರಾನೋ ದ್ವೀಪದಲ್ಲಿ ಆಂಜೆಲೊ ಬರೊವಿಯೆರ್ ಬಣ್ಣವಿಲ್ಲದ ಗಾಜು ತಯಾರಿಸಿದ. 1670ರ ದಶಕದಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಸೀಸ ಬೆರೆಸಿದ ಹೊಳಪಿನ ಗಾಜಿಗೆ ಪೇಟೆಂಟ್ ಪಡೆದ. ಪಾತ್ರೆ ಪಾರದರ್ಶಕವಾದ ಮೇಲೆ ಪಾನೀಯವೂ ಹಾಗಿರಬೇಕೆಂಬ ಆಸೆ ಬಲಿಯಿತು. ಗಾಜು ತಲುಪದ ಕತ್ತಲ ನೆಲಮಾಳಿಗೆಗಳಲ್ಲಿ ಬರ್ಗಂಡಿಯ ವ್ಯಾಪಾರಿಗಳು ತಾಸ್ತವ್ಯಾ ಎಂಬ ಚಪ್ಪಟೆ ಬೆಳ್ಳಿ ಬಟ್ಟಲು ಹಿಡಿದು ಓಡಾಡುತ್ತಿದ್ದರು. ಅದರ ತಳದಲ್ಲಿ ಗುಳಿಗಳು, ಉಬ್ಬುಗೆರೆಗಳು. ಮೇಣದಬತ್ತಿಯ ಬೆಳಕು ಅವುಗಳಿಗೆ ತಾಗಿ ತೆಳುವಾದ ವೈನಿನ ಮೂಲಕ ಹಿಂದಕ್ಕೆ ಪುಟಿದಾಗ ಪೀಪಾಯಿಯೊಳಗಿನ ವೈನ್ ಕದಡಿದೆಯೋ ತಿಳಿಯಾಗಿದೆಯೋ ಗೊತ್ತಾಗುತ್ತಿತ್ತು. ಆ ವ್ಯಾಪಾರಿಗೆ ಬೇಕಿದ್ದದ್ದು ಸೌಂದರ್ಯವಲ್ಲ, ಮಾಹಿತಿ: ಹುದುಗುವಿಕೆ ಮುಗಿಯಿತೇ, ಸಾಗಿಸಬಹುದೇ? ನಮ್ಮ ಕಾಲ ಆ ಪರೀಕ್ಷೆಯನ್ನು ಉಳಿಸಿಕೊಂಡು ಪ್ರಶ್ನೆಯನ್ನು ಮರೆತುಬಿಟ್ಟಿದೆ.

ಹಾಗಾದರೆ ವೈನ್ ಕದಡುವುದೇಕೆ? ಹೊಸ ವೈನಿನಲ್ಲಿ ತೇಲುವುದು ಒಂದೇ ಬಗೆಯ ವಸ್ತುವಲ್ಲ. ಸತ್ತ ಯೀಸ್ಟ್ ಕಣಗಳು ಐದರಿಂದ ಹತ್ತು ಮೈಕ್ರಾನ್ ಗಾತ್ರದವು. ಬ್ಯಾಕ್ಟೀರಿಯಾ ಇನ್ನೂ ಚಿಕ್ಕವು. ಅದಕ್ಕೂ ಕೆಳಗೆ ದ್ರಾಕ್ಷಿಯ ಪ್ರೋಟೀನು, ಒಗರಿಗೆ ಕಾರಣವಾದ ಟ್ಯಾನಿನ್, ಪೆಕ್ಟಿನ್‌ನಂಥ ಅಂಟು ಪದಾರ್ಥಗಳು. ದ್ರವದಲ್ಲಿ ಕಣವೊಂದು ಮುಳುಗುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಜಾರ್ಜ್ ಸ್ಟೋಕ್ಸ್ 19ನೇ ಶತಮಾನದಲ್ಲೇ ಲೆಕ್ಕ ಹಾಕಿಕೊಟ್ಟಿದ್ದ. ಕಣ ಎರಡರಷ್ಟು ದೊಡ್ಡದಾದರೆ ನಾಲ್ಕರಷ್ಟು ಬೇಗ ತಳ ಸೇರುತ್ತದೆ. ಹಾಗಾಗಿ ಯೀಸ್ಟ್ ಕೆಲವು ವಾರಗಳಲ್ಲಿ ತಾನಾಗಿಯೇ ಕೆಳಗಿಳಿದರೆ, ಪ್ರೋಟೀನಿನಂಥ ಅತಿಸೂಕ್ಷ್ಮ ಕಣಗಳು ತಮ್ಮ ವಿದ್ಯುದಂಶದಿಂದ ಒಂದನ್ನೊಂದು ದೂರ ತಳ್ಳುತ್ತ ತಿಂಗಳುಗಟ್ಟಲೆ ತೇಲುತ್ತವೆ. ಬೆಳಕಿನ ಕಿರಣ ಅವುಗಳಿಗೆ ಬಡಿದು ಚದುರುವುದೇ ನಮಗೆ ಮಬ್ಬಾಗಿ ಕಾಣುತ್ತದೆ. ಈ ಸೂಕ್ಷ್ಮ ಕಣಗಳನ್ನು ಇಳಿಸಬೇಕಾದರೆ ಅವನ್ನು ಒಂದಕ್ಕೊಂದು ಅಂಟಿಸಿ ದಪ್ಪ ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಬಗ್ಗಡದ ನೀರಿನ ಕೊಡದೊಳಗೆ ಚಿಲ್ಲದ ಬೀಜ ತೇಯ್ದು ಬಿಟ್ಟರೆ ಕೆಸರು ಗಟ್ಟಿಗೊಂಡು ತಳಕ್ಕೆ ಕೂರುತ್ತಿತ್ತಲ್ಲ, ಪೀಪಾಯಿಯಲ್ಲಿ ನಡೆಯುವುದೂ ಅದೇ ಬಗೆಯ ಕೆಲಸ. ಬೋರ್ಡೊದಲ್ಲಿ 225 ಲೀಟರಿನ ಪೀಪಾಯಿಗೆ ಮೂರರಿಂದ ಆರು ಮೊಟ್ಟೆಯ ಬಿಳಿಭಾಗ ಕಡೆದು ಹಾಕುವುದು ರೂಢಿ. ವೈನಿನ ಹುಳಿಯಲ್ಲಿ ಮೊಟ್ಟೆಯ ಪ್ರೋಟೀನು ಧನ ವಿದ್ಯುದಂಶ ಪಡೆದು ಟ್ಯಾನಿನ್‌ಗೆ ಅಂಟಿಕೊಂಡು ಮೋಡದಂತೆ ಕೆಳಗಿಳಿಯುತ್ತದೆ. ಬಿಳಿ ವೈನಿನಲ್ಲಿ ತೊಂದರೆ ಕೊಡುವುದು ದ್ರಾಕ್ಷಿಯ ಪ್ರೋಟೀನೇ. ಅದಕ್ಕೆ ಋಣ ವಿದ್ಯುದಂಶದ ಬೆಂಟೊನೈಟ್ ಎಂಬ ಜ್ವಾಲಾಮುಖಿ ಬೂದಿಯ ಜೇಡಿಮಣ್ಣು. ಕೊನೆಗೆ ಮೇಲಿನ ತಿಳಿಯನ್ನು ಬಸಿದು, ಬೇಕಿದ್ದರೆ 0.45 ಮೈಕ್ರಾನ್ ರಂಧ್ರದ ಪೊರೆಯಲ್ಲಿ ಸೋಸುತ್ತಾರೆ. ಯೀಸ್ಟ್ ಕಣ ಆ ರಂಧ್ರದ ಹತ್ತು ಪಟ್ಟಿಗೂ ದೊಡ್ಡದು, ದಾಟುವ ಮಾತೇ ಇಲ್ಲ.

ಚೌಕಟ್ಟು: ತಿಳಿಯ ಹಿಂದಿನ ಪದಾರ್ಥಗಳು
• ಮೊಟ್ಟೆಯ ಬಿಳಿಭಾಗ, ಹಾಲಿನ ಕೇಸಿನ್, ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್, ಪ್ರಾಣಿಜನ್ಯ ಜೆಲಾಟಿನ್: ಎಲ್ಲವೂ ವೈನ್ ತಿಳಿಗೊಳಿಸಲು ಬಳಕೆಯಲ್ಲಿರುವವು. ಗಸಿಯ ಜೊತೆ ತಳ ಸೇರುವ ಇವುಗಳ ಅತ್ಯಲ್ಪ ಅಂಶ ಮಾತ್ರ ವೈನಿನಲ್ಲಿ ಉಳಿದೀತು. ಆದರೂ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದು ತಿಳಿದಿರಬೇಕಾದ ಸಂಗತಿ.
• ಒಂದು ಕಾಲಕ್ಕೆ ಎತ್ತಿನ ರಕ್ತವೂ ಈ ಪಟ್ಟಿಯಲ್ಲಿತ್ತು. ಹುಚ್ಚು ಹಸು ರೋಗದ ಭೀತಿಯ ಬಳಿಕ 1997ರಲ್ಲಿ ಯೂರೋಪ್ ಒಕ್ಕೂಟ ಅದನ್ನು ನಿಷೇಧಿಸಿತು.
• ಬೋರ್ಡೊದ ಪ್ರಸಿದ್ಧ ಕಾನೆಲೆ ಕೇಕು ಹುಟ್ಟಿದ್ದೇ ವೈನ್ ತಯಾರಕರಲ್ಲಿ ಮಿಕ್ಕ ಮೊಟ್ಟೆಯ ಹಳದಿಯಿಂದ ಎಂದು ಆ ಊರಿನವರು ಹೇಳುತ್ತಾರೆ.

ತಿಳಿಗೂ ರುಚಿಗೂ ಇರುವ ಸಂಬಂಧ ಎಷ್ಟು ತೊಡಕಿನದು ಎಂಬುದಕ್ಕೆ ಶಾಂಪೇನ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. ಅದರ ಗುಳ್ಳೆಗಳು ಹುಟ್ಟುವುದು ಮುಚ್ಚಿದ ಬಾಟಲಿಯೊಳಗೆ ನಡೆಯುವ ಎರಡನೇ ಹುದುಗುವಿಕೆಯಿಂದ. ಹಾಗಾಗಿ ಯೀಸ್ಟಿನ ಗಸಿಯೂ ಅದೇ ಬಾಟಲಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೇರೆ ಪಾತ್ರೆಗೆ ಬಸಿದರೆ ಗುಳ್ಳೆ ಹೋಗುತ್ತದೆ, ಬಿಟ್ಟರೆ ಮಬ್ಬು ಉಳಿಯುತ್ತದೆ. 27ನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ರ‍್ಯಾನ್ಸ್ ನಗರದಲ್ಲಿ ವ್ಯಾಪಾರದ ಚುಕ್ಕಾಣಿ ಹಿಡಿದ ಬಾರ್ಬ್ ನಿಕೋಲ್ ಕ್ಲಿಕೊ 1816ರ ಸುಮಾರಿಗೆ ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು. ಮೇಜಿನ ಹಲಗೆಗೆ ತೂತು ಕೊರೆದು ಬಾಟಲಿಗಳನ್ನು ಕತ್ತು ಕೆಳಗಾಗಿ ನಿಲ್ಲಿಸಿ, ದಿನವೂ ಸ್ವಲ್ಪಸ್ವಲ್ಪ ತಿರುಗಿಸುತ್ತ ಗಸಿಯನ್ನು ಬಿರಡೆಯ ಮೇಲೆ ಜಾರಿಸುವುದು. ಇಂದು ಆ ಕತ್ತನ್ನು ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯ ಉಪ್ಪುನೀರಿನಲ್ಲಿ ಅದ್ದಿ ಗಸಿಯನ್ನು ಮಂಜುಗಡ್ಡೆ ಮಾಡುತ್ತಾರೆ. ಮುಚ್ಚಳ ತೆರೆದೊಡನೆ ಒಳಗಿನ ಒತ್ತಡಕ್ಕೆ ಆ ಗಡ್ಡೆ ಹೊರಕ್ಕೆ ಚಿಮ್ಮುತ್ತದೆ. ಕೈಯಲ್ಲಿ ಆರೇಳು ವಾರ ಹಿಡಿಯುತ್ತಿದ್ದ ತಿರುಗಿಸುವ ಕೆಲಸವನ್ನು 504 ಬಾಟಲಿ ಹಿಡಿಯುವ ಯಂತ್ರದ ಪಂಜರ ಒಂದು ವಾರದಲ್ಲಿ ಮುಗಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಶಾಂಪೇನ್‌ಗೆ ಹೊಸ ಬ್ರೆಡ್ಡಿನಂಥ ಪರಿಮಳವನ್ನೂ ಮೃದುತನವನ್ನೂ ಕೊಡುವುದು ತಿಂಗಳುಗಟ್ಟಲೆ ಜೊತೆಗಿದ್ದ ಆ ಗಸಿಯೇ. ಕೆಲಸ ಮುಗಿದ ಮೇಲೆ ಅದನ್ನು ಹೊರಹಾಕುತ್ತಾರೆ. ತಿಳಿಯಾದ ಗ್ಲಾಸಿನಲ್ಲಿ ಕುಡಿಯುವವನು ಸವಿಯುವುದು ಕಣ್ಣಿಗೆ ಕಾಣದ ಗಸಿಯ ದುಡಿಮೆಯನ್ನು.

ಸೋಸುವುದೆಂದರೆ ಜೀವ ತೆಗೆಯುವುದು, ಆದ್ದರಿಂದ ಮಬ್ಬೇ ಪ್ರಾಮಾಣಿಕ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್, ಆಮದುಗಾರ ಕರ್ಮಿಟ್ ಲಿಂಚ್ ಅವರಂಥವರು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಸೋಸದ ವೈನಿಗಾಗಿ ಗಟ್ಟಿಯಾಗಿ ವಾದಿಸಿದರು. ಅದರಲ್ಲಿ ಸತ್ಯಾಂಶ ಇದೆ. ಬೆಂಟೊನೈಟ್ ಪ್ರೋಟೀನಿನ ಜೊತೆ ಒಂದಿಷ್ಟು ಪರಿಮಳವನ್ನೂ ಎಳೆದುಕೊಳ್ಳುತ್ತದೆ. ಬಿಗಿಯಾದ ಪೊರೆ ವೈನಿಗೆ ತೂಕ ಕೊಡುವ ದೊಡ್ಡ ಅಣುಗಳಲ್ಲಿ ಕೆಲವನ್ನು ತಡೆಯಬಹುದು. ಆದರೆ ಪರಿಮಳದ ಅಣುಗಳು, ಸಕ್ಕರೆ, ಆಮ್ಲ ಇವೆಲ್ಲ ಕರಗಿದ ಸ್ಥಿತಿಯಲ್ಲಿರುತ್ತವೆ. ಪೊರೆಯ ರಂಧ್ರಕ್ಕೆ ಹೋಲಿಸಿದರೆ ನೂರಾರು ಪಟ್ಟು ಚಿಕ್ಕವು. ಸೋಸಿದ್ದರಿಂದಲೇ ಅವು ಮಾಯವಾದವು ಎನ್ನಲು ಆಧಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಡಿಮೆ ಹಸ್ತಕ್ಷೇಪದ ವೈನ್ ಮಬ್ಬಾಗಿಯೇ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿದ ಜಾರ್ಜಿಯಾ ದೇಶದ ಪದ್ಧತಿಯನ್ನೇ ನೋಡಿ. ನೆಲದಲ್ಲಿ ಹೂತ, ಮೊಟ್ಟೆಯಾಕಾರದ ಕ್ವೆವ್ರಿ ಎಂಬ ಮಣ್ಣಿನ ಹಂಡೆಯೊಳಗೆ ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜಗಳ ಸಮೇತ ಐದಾರು ತಿಂಗಳು ಮುಚ್ಚಿಡುತ್ತಾರೆ. ಸಿಪ್ಪೆ, ಬೀಜಗಳು ಹಂಡೆಯ ಕಿರಿದಾದ ತಳಕ್ಕೆ ಸರಿಯುತ್ತವೆ, ಮೇಲೆ ಜೇನುಬಣ್ಣದ ತಿಳಿ ನಿಲ್ಲುತ್ತದೆ. ಪೊರೆಯಿಲ್ಲ, ಜೇಡಿಮಣ್ಣು ಬೆರೆಸಿಲ್ಲ, ಆದರೂ ತಿಳಿ. ಅಲ್ಲಿ ಕೆಲಸ ಮಾಡಿದ್ದು ಸಮಯ. ಎಷ್ಟೋ ಮಬ್ಬು ಬಾಟಲಿಗಳ ಕಥೆ ಇಷ್ಟೇ ಆಗಿರಬಹುದು: ಕಾಯದೆ ಬೇಗ ತುಂಬಿಸಿದರು.

ಮಬ್ಬು ವೈನಿನ ಅಭಿಮಾನಿಗಳು ಎದುರಿಸಬೇಕಾದ ಇನ್ನೊಂದು ಸಂಗತಿ ಇಲಿವಾಸನೆ. ಸೂಕ್ಷ್ಮಜೀವಿಗಳನ್ನು ತಡೆಯುವ ಗಂಧಕದ ಡೈಆಕ್ಸೈಡ್ ಹಾಕದ ವೈನ್‌ಗಳಲ್ಲಿ ಕೆಲವು ಸೂಕ್ಷ್ಮಜೀವಿಗಳು ಈ ದೋಷವನ್ನು ಹುಟ್ಟಿಸುತ್ತವೆ. ಇದು ಕಣ್ಣಿಗೆ ಕಾಣುವುದಿಲ್ಲ. ವೈನಿನ ಹುಳಿಯಲ್ಲಿ ಈ ಅಣುಗಳು ಆವಿಯಾಗದ ಕಾರಣ ಮೂಗಿಗೂ ಸಿಗುವುದಿಲ್ಲ. ನುಂಗಿದ ಮೇಲೆ ಬಾಯಿಯ ಜೊಲ್ಲು ಹುಳಿಯನ್ನು ತಗ್ಗಿಸಿದಾಗಲೇ ಇಲಿಗೂಡಿನಂಥ ನಾತ ಗಂಟಲಿನಿಂದ ಮೇಲೇರಿ ಅಲ್ಲೇ ನಿಲ್ಲುತ್ತದೆ. ಗ್ಲಾಸನ್ನು ಬೆಳಕಿಗೆ ಹಿಡಿದು ಪ್ರಾಮಾಣಿಕತೆ ಅಳೆಯುವವರಿಗೆ ಈ ದೋಷದ ಸುಳಿವು ಒಂದಿಷ್ಟೂ ಸಿಗದು.

ಇನ್ನು ಎದುರು ಪಾಳಯದ ಮಾತು. ತಿಳಿ ಎಂದರೆ ಸ್ಥಿರತೆ, ಸ್ಥಿರತೆ ಎಂದರೆ ಸುರಕ್ಷೆ ಎಂದು ದೊಡ್ಡ ತಯಾರಕರು ಹೇಳುತ್ತಾರೆ. ಮೊದಲ ಅರ್ಧವನ್ನು ಒಪ್ಪಲೇಬೇಕು. ತುಂಬಿಸಿದಾಗ ತಿಳಿಯಿದ್ದ, ಗುಳ್ಳೆಯಿರಬಾರದ ವೈನ್ ಮನೆಯ ಕಪಾಟಿನಲ್ಲಿ ಮಬ್ಬಾಗಿ, ನಾಲಿಗೆಗೆ ಚುರುಗುಟ್ಟತೊಡಗಿದರೆ ಒಳಗೆ ಹುದುಗುವಿಕೆ ಮತ್ತೆ ಶುರುವಾಗಿದೆ ಎಂದೇ ಅರ್ಥ. ಅಲ್ಲಿ ಕಣ್ಣಿನ ಸಾಕ್ಷಿ ನಿಖರ. ಎರಡನೇ ಅರ್ಧ ಮಾತ್ರ ಸುಳ್ಳು. ಕೆಟ್ಟ ಬಿರಡೆಯಿಂದ ಬರುವ ಮುಗ್ಗಲು ವಾಸನೆಗೆ ಕಾರಣವಾದ ಟಿಸಿಎ ಎಂಬ ರಾಸಾಯನಿಕ ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಇಡೀ ಬಾಟಲಿ ಕೆಡುತ್ತದೆ, ಹೊಳಪು ಮಾತ್ರ ಕಿಂಚಿತ್ತೂ ಮಾಸುವುದಿಲ್ಲ. 1985ರಲ್ಲಿ ಆಸ್ಟ್ರಿಯಾದ ಕೆಲವರು ಸಿಹಿ ವೈನಿಗೆ ಮೈಕಟ್ಟು ಬರಲೆಂದು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆಸಿದ್ದು ಬಯಲಾದದ್ದು ಪ್ರಯೋಗಾಲಯದಲ್ಲಿ. ಮರುವರ್ಷ ಇಟಲಿಯಲ್ಲಿ ಮೆಥನಾಲ್ ಬೆರೆತ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತರು. ಮೆಥನಾಲಿಗೆ ಬಣ್ಣವಿಲ್ಲ, ಮಬ್ಬಿಲ್ಲ. 1981ರ ಜುಲೈನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಕಳ್ಳಬಟ್ಟಿ ಬಲಿ ತೆಗೆದುಕೊಂಡ ಬೆಂಗಳೂರಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬಣ್ಣದ ವಿಷಯದಲ್ಲೂ ಇದೇ ವಾದ ನಿಲ್ಲುತ್ತದೆ. ಚರಿತ್ರೆಯನ್ನು ಬಣ್ಣ ಚೆನ್ನಾಗಿಯೇ ಹೇಳುತ್ತದೆ. ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿದು, ದ್ರವ ತೆಳುವಾಗುವ ಅಂಚನ್ನು ನೋಡಿ. ಎಳೆಯ ಕೆಂಪು ವೈನಿನ ಅಂಚು ನೇರಳೆ. ವರ್ಷಗಳು ಉರುಳಿದಂತೆ ಸಿಪ್ಪೆಯ ಆಂಥೊಸಯನಿನ್ ಬಣ್ಣ ಟ್ಯಾನಿನ್ ಜೊತೆ ಕೂಡಿ ಇಟ್ಟಿಗೆ ಬಣ್ಣಕ್ಕೆ, ಕಡೆಗೆ ಕಂದುಬಣ್ಣಕ್ಕೆ ಹೊರಳುತ್ತದೆ, ಒಂದು ಪಾಲು ಗಸಿಯಾಗಿ ತಳಕ್ಕೂ ಇಳಿಯುತ್ತದೆ. ಬಿಳಿ ವೈನಿನದು ತಿರುವುಮುರುವು: ವಯಸ್ಸಾದಂತೆ ಅದರ ಬಣ್ಣ ಗಾಢವಾಗುತ್ತದೆ. ಎರಡೇ ವರ್ಷದ ಬಿಳಿ ವೈನ್ ಆಗಲೇ ಕಂದಿದ್ದರೆ ಗಾಳಿಯೋ ಬಿಸಿಲೋ ತಾಗಿರುವ ಸಾಧ್ಯತೆ ಹೆಚ್ಚು. ಆದರೆ ಗಾಢ ಕೆಂಪೆಂದರೆ ಸತ್ವಶಾಲಿ ಎಂಬುದಕ್ಕೆ ಬುಡವಿಲ್ಲ. ಬರ್ಗಂಡಿಯ ಪಿನೊ ನುವಾರ್ ಹುಟ್ಟಾ ತೆಳುಬಣ್ಣದ್ದು, ಜಗತ್ತಿನ ಅತಿ ದುಬಾರಿ ವೈನ್‌ಗಳಲ್ಲಿ ಹಲವು ಅದರವೇ. ಗಾಢ ಬಣ್ಣವನ್ನು ಹೊರಗಿನಿಂದ ತರಲೂಬಹುದು. 18ನೇ ಶತಮಾನದ ಪೋರ್ಚುಗಲ್‌ನಲ್ಲಿ ಪೋರ್ಟ್ ವೈನಿಗೆ ಎಲ್ಡರ್‌ಬೆರಿ ರಸ ಬೆರೆಸುವ ಚಾಳಿ ಎಷ್ಟು ಬೆಳೆದಿತ್ತೆಂದರೆ, 1756ರಲ್ಲಿ ಪೋರ್ಟ್ ತಯಾರಾಗುವ ದೌರು ಕಣಿವೆಯ ಗಡಿ ಗುರುತಿಸಿದ ಮಂತ್ರಿ ಪೊಂಬಾಲನ ಆಡಳಿತ ಆ ಪ್ರದೇಶದ ಎಲ್ಡರ್‌ಬೆರಿ ಗಿಡಗಳನ್ನೇ ಕೀಳಿಸಿತು. ಇಂದು ಕ್ಯಾಲಿಫೋರ್ನಿಯಾದಲ್ಲಿ 'ಮೆಗಾ ಪರ್ಪಲ್' ಎಂಬ ದ್ರಾಕ್ಷಿಯ ಬಣ್ಣದ ಪಾಕ ಅದೇ ಕೆಲಸ ಮಾಡುತ್ತದೆ.

ಚೌಕಟ್ಟು: ಗ್ಲಾಸಿನ ಗೋಡೆಯ 'ಕಣ್ಣೀರು'
ಗ್ಲಾಸನ್ನು ಒಮ್ಮೆ ತಿರುಗಿಸಿ ಬಿಟ್ಟರೆ ಗೋಡೆಯ ಮೇಲೆ ಹನಿಗಳು ಸಾಲಾಗಿ ಇಳಿಯುತ್ತವೆ. ಇದು ಉತ್ತಮ ದರ್ಜೆಯ ಗುರುತು ಎಂಬ ಮಾತು ಹರಡಿದೆ. ನಿಜ ಬೇರೆ. ಗೋಡೆಗೆ ಅಂಟಿದ ತೆಳು ಪದರದಿಂದ ಆಲ್ಕೋಹಾಲ್ ಬೇಗ ಆವಿಯಾಗುತ್ತದೆ, ಉಳಿದ ನೀರಿನಂಶದ ಮೇಲ್ಮೈ ಸೆಳೆತ ಹೆಚ್ಚಿ ಕೆಳಗಿನ ವೈನನ್ನು ಮೇಲಕ್ಕೆಳೆಯುತ್ತದೆ, ಭಾರವಾದಾಗ ಅದು ಹನಿಯಾಗಿ ಜಾರುತ್ತದೆ. 1855ರಲ್ಲಿ ಜೇಮ್ಸ್ ಥಾಮ್ಸನ್ ಇದನ್ನು ವಿವರಿಸಿದ. ಮುಂದೆ ಇಟಲಿಯ ಕಾರ್ಲೊ ಮರಂಗೋನಿಯ ಹೆಸರು ಈ ವಿದ್ಯಮಾನಕ್ಕೆ ನಿಂತಿತು. ಗ್ಲಾಸನ್ನು ಮುಚ್ಚಿಟ್ಟರೆ ಆವಿ ಹೋಗಲು ದಾರಿಯಿಲ್ಲದೆ ಕಣ್ಣೀರು ನಿಲ್ಲುತ್ತದೆ. ಹನಿಗಳು ಹೇಳುವುದು ಮುಖ್ಯವಾಗಿ ಆಲ್ಕೋಹಾಲಿನ ಪ್ರಮಾಣವನ್ನು.

ಕರ್ನಾಟಕದ ಓದುಗರಿಗೆ ಹೆಚ್ಚು ಎದುರಾಗುವುದು ಬಹುಶಃ ಹರಳು ಮತ್ತು ಬಿಸಿಲಿನ ಮಬ್ಬು. ನಂದಿ ಬೆಟ್ಟದ ಸುತ್ತಲಿನ ತೋಟಗಳಿಂದ ಬಂದ ಬಿಳಿ ವೈನಿರಲಿ, ಹೊರಗಿನಿಂದ ಬಂದದ್ದಿರಲಿ, ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಟ್ಟ ಬಾಟಲಿಯ ತಳದಲ್ಲೋ ಬಿರಡೆಯ ತುದಿಯಲ್ಲೋ ಸಕ್ಕರೆಯಂಥ ಹರಳು ಕಂಡರೆ ಗಾಜಿನ ಚೂರೆಂದು ಗಾಬರಿಯಾಗುವುದು ಸಹಜ. ಅದು ಪೊಟ್ಯಾಸಿಯಂ ಬೈಟಾರ್ಟರೇಟ್, ದ್ರಾಕ್ಷಿಯ ಹುಳಿಯಾದ ಟಾರ್ಟಾರಿಕ್ ಆಮ್ಲದ ಲವಣ. ಬೇಕಿಂಗ್ ಪೌಡರಿನಲ್ಲಿ ಬಳಸುವ ಕ್ರೀಂ ಆಫ್ ಟಾರ್ಟರ್ ಇದೇ. 1848ರಲ್ಲಿ ಲೂಯಿ ಪಾಶ್ಚರ್ ಈ ಆಮ್ಲದ ಕುಟುಂಬದ ಲವಣಗಳ ಹರಳುಗಳನ್ನು ಸೂಕ್ಷ್ಮದರ್ಶಕದಡಿ ಎಡಗೈ, ಬಲಗೈ ಎಂದು ಬೇರೆ ಮಾಡಿದ್ದೇ ಅಣುಗಳ ಆಕಾರದ ವಿಜ್ಞಾನಕ್ಕೆ ನಾಂದಿ. ಹರಳು ಕಾಣಬಾರದೆಂದೇ ತಯಾರಕರು ವೈನನ್ನು ಮೊದಲೇ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ ದಿನಗಟ್ಟಲೆ ತಂಪಾಗಿಟ್ಟು ಹರಳನ್ನು ಟ್ಯಾಂಕಿನಲ್ಲೇ ಬೀಳಿಸುತ್ತಾರೆ. ಬಿಸಿಯದು ಇದಕ್ಕೆ ವಿರುದ್ಧ ಕಥೆ. ಏಪ್ರಿಲ್ ಬಿಸಿಲಿನಲ್ಲಿ ಲಾರಿಯೊಳಗೆ ಬೆಂದ ಬಿಳಿ ವೈನಿನ ಪ್ರೋಟೀನು ಬಿಚ್ಚಿಕೊಂಡು, ಒಂದಕ್ಕೊಂದು ತೊಡರಿ, ಮಬ್ಬಾಗುತ್ತದೆ. ತಯಾರಕರು ಮಾದರಿಯನ್ನು 80 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ನೋಡುವುದು ಇದನ್ನು ಮುಂಚಿತವಾಗಿ ತಿಳಿಯಲೆಂದೇ. ಈ ಪ್ರೋಟೀನು ಹೊಟ್ಟೆಗೆ ಅಪಾಯವಲ್ಲ. ಆದರೆ ಬಾಟಲಿ ಬಿಸಿಗೆ ಸಿಕ್ಕಿತ್ತೆಂಬ ಸುಳಿವು ಅಲ್ಲಿದೆ, ಆ ಬಿಸಿ ಪರಿಮಳವನ್ನೂ ಕುಂದಿಸಿರಬಹುದು. ಹರಳು ನಿರುಪದ್ರವಿ, ಮಬ್ಬು ವಿಚಾರಣೆಗೆ ಅರ್ಹ. ಅಂಗಡಿಯಲ್ಲಿ ಎರಡೂ 'ಕೆಟ್ಟ ಮಾಲು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುವುದು ಬೇಸರದ ಸಂಗತಿ.

ನೋಡುವ ಸುಖವೂ ಸವಿಯ ಭಾಗವೇ ಅಲ್ಲವೇ, ಅದನ್ನು ಕಸಿದುಕೊಳ್ಳುವುದೇಕೆ ಎಂದು ಕೇಳಬಹುದು. ಕಸಿಯಬೇಕಿಲ್ಲ. ಸಂಜೆಯ ಬೆಳಕಿನಲ್ಲಿ ಕೆಂಪು ಗ್ಲಾಸನ್ನು ಎತ್ತಿ ಹಿಡಿದು ಸಂತೋಷಪಡುವುದಕ್ಕೆ ಯಾವ ಪ್ರಯೋಗವೂ ಅಡ್ಡಿಯಲ್ಲ. ಪ್ರಶ್ನೆ ಹುಟ್ಟುವುದು ತೀರ್ಪು ಕೊಡುವಾಗ, ಬೆಲೆ ಕಟ್ಟುವಾಗ. ಆಲಿವ್ ಎಣ್ಣೆಯ ಪರೀಕ್ಷಕರು ಇದನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅವರ ಗ್ಲಾಸು ಗಾಢಬಣ್ಣದ್ದು. ಹಸಿರೆಣ್ಣೆಯೋ ಹಳದಿಯೆಣ್ಣೆಯೋ ಎಂಬುದು ಅಂಕ ಕೊಡುವವರಿಗೆ ಕಾಣಲೇಬಾರದು. ವೈನ್ ಲೋಕದಲ್ಲೂ ಕಪ್ಪು ಗ್ಲಾಸುಗಳಿವೆ, ಆದರೆ ಅವು ಹೆಚ್ಚಾಗಿ ಸಂಶೋಧನೆಗೆ, ಅಭ್ಯಾಸಕ್ಕೆ ಸೀಮಿತ. ಅಂಕ ನೀಡುವ ಸುತ್ತಿನಲ್ಲಿ ಮೊದಲು ಕಪ್ಪು ಗ್ಲಾಸು, ರುಚಿಯ ಅಂಕ ಬರೆದಾದ ಮೇಲೆ ಪಾರದರ್ಶಕ ಗ್ಲಾಸು ಎಂಬ ಕ್ರಮ ಬಂದರೆ ಬೋರ್ಡೊ ಪ್ರಯೋಗದ ಪಾಠ ಅಭ್ಯಾಸಕ್ಕೆ ಇಳಿದಂತೆ.

ಕೊಳ್ಳುವವರಿಗೆ ಬೇಕಾದದ್ದು ಲೇಬಲ್ಲಿನಲ್ಲಿ ಎರಡು ಸಾಲು: ಸೋಸಿದ್ದಾರೆಯೇ, ಯಾವುದರಿಂದ ತಿಳಿಗೊಳಿಸಿದ್ದಾರೆ. ಯೂರೋಪ್ ಒಕ್ಕೂಟ 2012ರಿಂದ ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಅಲರ್ಜಿಯ ಕಾರಣಕ್ಕೆ ನಮೂದಿಸುವುದನ್ನು ಕಡ್ಡಾಯ ಮಾಡಿತು. 2023ರ ಡಿಸೆಂಬರಿನಿಂದ ಅಲ್ಲಿ ವೈನಿನ ಪದಾರ್ಥಗಳ ಪಟ್ಟಿಯೂ ಕಡ್ಡಾಯವಾಗಿದೆ. ಆದರೆ ಕೆಲಸ ಮುಗಿಸಿ ಹೊರಬೀಳುವ ಬೆಂಟೊನೈಟ್‌ನಂಥ ಸಹಾಯಕಗಳು ಪದಾರ್ಥಗಳ ಲೆಕ್ಕಕ್ಕೆ ಬರುವುದಿಲ್ಲ, ಸೋಸಿದ ವಿವರ ಹಾಕಲೇಬೇಕೆಂದೂ ಇಲ್ಲ. ಬಾಟಲಿಯೊಳಗಿನ ತಿಳಿ ಆರು ತಿಂಗಳ ಕಾಯುವಿಕೆಯಿಂದ ಬಂತೋ, ಒಂದು ಮಧ್ಯಾಹ್ನದ ಸೋಸುವಿಕೆಯಿಂದ ಬಂತೋ ಎಂಬುದನ್ನು ಹೇಳಬಲ್ಲವರು ತಯಾರಕರು ಮಾತ್ರ, ಅವರು ಅದನ್ನು ಅಚ್ಚು ಹಾಕಿಸಿ ಹೇಳಬೇಕು.